ಬೈಕುಗಳು ದಾಟುವ ತನಕ

ಅಸಿಕಾಸು, ಅಕುವಾಪೆಂ ಬೆಟ್ಟ
ಶನಿವಾರ, 2 ಮಾರ್ಚ್ 2019

ಪ್ರೀತಿಯ ತಮ್ಮ ಒಪಾರೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹೋದ ವರ್ಷ ಕೊಟ್ಟು ಕಳಿಸಿದ ಶಿಯಾ ಬೆಣ್ಣೆಯನ್ನು ಸೊಂಟಕ್ಕೇ ಹಚ್ಚಿಕೊಂಡೆಯೋ, ಇಲ್ಲ ಅದನ್ನೂ ಯಾವುದೋ ಬೈಕಿನ ಚೈನಿಗೆ ಬಳಿದೆಯೋ? ಅಕ್ರಾದಲ್ಲಿ ಈ ತಿಂಗಳು ಸೆಖೆ ವಿಪರೀತ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ನೀರು ಚೆನ್ನಾಗಿ ಕುಡಿ. ಬರೀ ಕೆಂಕೆಯ ಜೋಳದ ಉಂಡೆ ಮತ್ತು ಹುರಿದ ಮೀನು ತಿಂದು ಮಲಗಬೇಡ, ವಾರಕ್ಕೆ ಎರಡು ಸಲವಾದರೂ ಸೊಪ್ಪಿನ ಸಾರು ಹೊಟ್ಟೆಗೆ ಬೀಳಲಿ. ಇಲ್ಲಿ ನಾವೆಲ್ಲ ಇದ್ದೇವೆ. ನಿನ್ನ ಭಾವ ಲಾರ್ಬಿಯ ಮೊಣಕಾಲು ಹಾಗೇ ಇದೆ, ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಅತ್ತೆ ಮಾತು ಕಡಿಮೆ ಮಾಡಿದ್ದಾರೆ. ಮಗಳು ಅನೊಬೆಯಾ ಹೋದ ಮೇಲೆ ಅವರು ತಮ್ಮ ಮನೆಯ ಬಾಗಿಲಲ್ಲಿ ಕೂತರೆ ಹೊತ್ತು ಮುಳುಗುವವರೆಗೆ ಏಳುವುದಿಲ್ಲ. ಕೂಸಿಗೆ ಇವತ್ತಿಗೆ ಮೂರು ತಿಂಗಳು. ನನ್ನ ತೊಡೆಯ ಮೇಲೆ ಮಲಗಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಅವಳನ್ನು ಬೈದುಕೊ. ಗುರುವಾರದಿಂದ ನಗಲು ಕಲಿತಿದ್ದಾಳೆ. ನಕ್ಕರೆ ತನ್ನ ತಾಯಿ ಅನೊಬೆಯಾಳ ಹಾಗೆಯೇ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ.

ಆರು ವಾರದಿಂದ ನಿನಗೆ ಎಷ್ಟು ಸಲ ಫೋನು ಮಾಡಿದೆನೋ ನನಗೇ ನೆನಪಿಲ್ಲ. ನೀನು ಎತ್ತಲಿಲ್ಲ. ಎತ್ತಿದ್ದರೂ ಈ ವಿಷಯವನ್ನು ಫೋನಿನಲ್ಲಿ ಹೇಳಲು ನನ್ನಿಂದಾಗುತ್ತಿರಲಿಲ್ಲ. ನಮ್ಮ ಮನೆಯ ಗೋಡೆಯ ಕಥೆ ನಿನಗೆ ಗೊತ್ತಲ್ಲ, ಈಚೆ ಕೆಮ್ಮಿದರೆ ಆಚೆ ಮನೆಯವರು ನೀರು ತಂದುಕೊಡುತ್ತಾರೆ. ಅದಕ್ಕೇ ಕಾಗದ. ನಿನಗೆ ಅಕ್ಷರ ಕಲಿಸಿದ್ದು ನಾನೇ ಆದ್ದರಿಂದ ಪೂರ್ತಿ ಓದುತ್ತೀಯ ಎಂಬ ಧೈರ್ಯ ಇದೆ.

ಮಾರುಕಟ್ಟೆಯ ಗೋಡೆಗೆ ಹೋದ ವಾರ ನಿಮ್ಮ ಗುಂಪಿನ ಪೋಸ್ಟರು ಅಂಟಿಸಿದ್ದಾರೆ. ಬುಧವಾರ, ಆರನೇ ತಾರೀಖು, ಸ್ವಾತಂತ್ರ್ಯ ದಿನದ ಮಹಾಸವಾರಿ, ಮುನ್ನೂರು ಬೈಕುಗಳು, ಅಕ್ರಾದಿಂದ ಬೆಟ್ಟದ ಮೇಲಕ್ಕೆ. ಅದನ್ನು ಅಂಟಿಸಿದವರು ಹೊರಗಿನವರು, ಮಧ್ಯಾಹ್ನ ಎಲ್ಲರೂ ನೋಡುತ್ತಿರುವಾಗಲೇ ಅಂಟಿಸಿ ಹೋದರು. ಯಾರೂ ಅದನ್ನು ಹರಿಯಲಿಲ್ಲ. ನಮ್ಮೂರಿನಲ್ಲಿ ಚುನಾವಣೆಯ ಪೋಸ್ಟರು ಒಂದು ದಿನ ಉಳಿಯುವುದಿಲ್ಲ, ಇದಕ್ಕೆ ಒಂದು ಉಗುರಿನ ಗೀರೂ ಬಿದ್ದಿಲ್ಲ. ಹರಿದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಬುಧವಾರ ನೀವು ಬರಲಿ ಎಂದೇ ನಮ್ಮೂರಿನವರು ಅದನ್ನು ಬಿಟ್ಟಿದ್ದಾರೆ.

ಮೊದಲು ಹೀಗಿರಲಿಲ್ಲವಲ್ಲ ಒಪಾರೆ. ಎರಡು ವರ್ಷದ ಹಿಂದೆ ನಿಮ್ಮ ಗುಂಪು ಮೊದಲ ಸಲ ಬಂದ ಭಾನುವಾರ ಕೆಳಗಿನ ತಿರುವಿನಿಂದ ಆ ಸದ್ದು ಏರಿ ಬಂದಾಗ ಮುದುಕ ಕ್ವಾಡಾಡೆ "ಮತ್ತೆ ಮಿಲಿಟ್ರಿಯವ್ರು ಬಂದ್ರಾ?" ಎಂದು ಕೂಗಿ ತನ್ನ ರೇಡಿಯೋವನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದ. ಆಮೇಲೆ ಊರೆಲ್ಲ ನಕ್ಕಿತು. ನೀನು ನನ್ನ ಒಲೆಯ ಮುಂದೆಯೇ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದು, ಆ ದೊಡ್ಡ ದೊಡ್ಡ ಮನುಷ್ಯರಿಗೆಲ್ಲ ಕೇಳುವ ಹಾಗೆ, "ಇವ್ಳು ನಮ್ಮಕ್ಕ. ಅಮ್ಮ ಅಂದ್ರೂ ಇವ್ಳೇ. ಇವ್ಳ ಕೈಯಿಂದ ಸುಟ್ಟ ಬಾಳೆಕಾಯಿ ತಿನ್ನದೆ ಒಬ್ರೂ ಗಾಡಿ ಹತ್ತೋ ಹಾಗಿಲ್ಲ" ಎಂದೆ. ಕೆಂಪು ಬೈಕಿನ ಆ ಡಾಕ್ಟರಮ್ಮ ಬೆರಳು ಸುಟ್ಟುಕೊಂಡೇ ತಿಂದರು. ಅವರೆಲ್ಲ ಸೇರಿ ಶಾಲೆಯ ಮಕ್ಕಳಿಗೆ ಪುಸ್ತಕ ಕೊಟ್ಟರು. ಮಕ್ಕಳು ಭಾನುವಾರ ಬಂದರೆ ರಸ್ತೆಯ ಬದಿಯಲ್ಲಿ ಕೈ ಬೀಸಲು ಸಾಲುಗಟ್ಟಿ ನಿಲ್ಲುತ್ತಿದ್ದವು. ಇದನ್ನೆಲ್ಲ ನಾನು ಮರೆತಿಲ್ಲ, ಮರೆತಿದ್ದೇನೆ ಎಂದುಕೊಳ್ಳಬೇಡ.

ಆದರೆ ಮೂವತ್ತು ಇದ್ದದ್ದು ಎಂಬತ್ತಾಯಿತು, ನೂರೈವತ್ತಾಯಿತು. ಪಾದ್ರಿಗಳು ಪ್ರಾರ್ಥನೆಯ ನಡುವೆ ಬಾಯಿ ಮುಚ್ಚಿ ನಿಲ್ಲುವುದು, ನೀವು ದಾಟಿದ ಮೇಲೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಶುರು ಮಾಡುವುದು ರೂಢಿಯಾಯಿತು. ಆಮೇಲೆ ಅವರು ಪ್ರಾರ್ಥನೆಯ ಹೊತ್ತನ್ನೇ ಬದಲಾಯಿಸಿದರು. ಮತ್ತೆ ಆ ದಾರಿ ಕಟ್ಟುವ ಪದ್ಧತಿ ಬಂತು. ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ನಿಮ್ಮ ಆರೇಳು ಮಂದಿ ಮುಂಚೆಯೇ ಬಂದು ಒಂದೊಂದು ಕೂಡುದಾರಿಯಲ್ಲಿ ಅಡ್ಡ ನಿಂತು, ಕೊನೆಯ ಬೈಕು ದಾಟುವ ತನಕ ಬೇರೆ ಯಾವ ವಾಹನವನ್ನೂ ಬಿಡದಿರುವುದು. ನೀನು ನನಗೆ ವಿವರಿಸಿದ್ದೆ, "ಸಾಲು ಮುರೀಬಾರ್ದು ಅಕ್ಕ, ಮಧ್ಯ ಒಂದು ಕಾರು ನುಗ್ಗಿದ್ರೆ ಯಾರಾದ್ರೂ ಸಾಯ್ತಾರೆ" ಎಂದು. ನನಗೆ ಅರ್ಥವಾಗಿತ್ತು. ಬಿಸಿಲಲ್ಲಿ ತಲೆಯ ಮೇಲೆ ಹೊರೆ ಹೊತ್ತು ಕಾದು ನಿಂತವರಿಗೆ ಮಾತ್ರ ಅದನ್ನು ಯಾರೂ ವಿವರಿಸಿರಲಿಲ್ಲ.

ನವೆಂಬರಿನಲ್ಲಿ ನಿನಗೂ ಆ ಜಾಕೆಟ್ಟು ಸಿಕ್ಕಿತು. ಅವತ್ತು ಫೋನಿನಲ್ಲಿ ನೀನು ಕುಣಿಯುತ್ತಿದ್ದದ್ದು ನನಗೆ ಇಲ್ಲಿಗೇ ಕಾಣುತ್ತಿತ್ತು. "ಯಾರಿಗೂ ಹೇಳ್ಬೇಡ ಅಕ್ಕ, ಕ್ರಿಸ್ಮಸ್‌ಗೆ ಹಾಕ್ಕೊಂಡು ಬಂದು ಎಲ್ರಿಗೂ ತೋರಿಸ್ತೀನಿ" ಎಂದೆ. ನಾನು ಯಾರಿಗೂ ಹೇಳಲಿಲ್ಲ. ನಿನ್ನ ಭಾವನಿಗೂ ಹೇಳಲಿಲ್ಲ. ನನಗೆ ಒಬ್ಬಳಿಗೇ ಗೊತ್ತಿದ್ದ ಸಂತೋಷದ ಸಂಗತಿ ಅದು.

ಈಗ ಡಿಸೆಂಬರ್ ಎರಡನೇ ತಾರೀಖಿನ ಮಾತು. ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಅನೊಬೆಯಾಳಿಗೆ ಬೆಳಗಿನ ಜಾವ ನೋವು ಶುರುವಾಯಿತು. ಲಾರ್ಬಿ ಆಗ ಬೆಟ್ಟದ ಆಚೆಯ ಹೊಲದಲ್ಲಿದ್ದ. ಅವಳ ಗಂಡ ಗಣಿಯ ಕೆಲಸಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಊರಿನ ದಾಯಿ ರಕ್ತ ನೋಡಿದವಳೇ, "ಇದು ನನ್ನ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ, ಈಗ್ಲೇ" ಎಂದಳು. ಅಸಿಯೆಡು ತನ್ನ ಟ್ಯಾಕ್ಸಿ ತಂದ. ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಮ್ಮೂರ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಕಿತ್ತಳೆ ಜಾಕೆಟ್ಟಿನವನೊಬ್ಬ ಬೈಕನ್ನು ಅಡ್ಡ ನಿಲ್ಲಿಸಿಕೊಂಡು ನಿಂತಿದ್ದ. ಅಸಿಯೆಡು ಹಾರ್ನ್ ಒತ್ತಿದ. ಆ ಮನುಷ್ಯ ಕೈ ಎತ್ತಿ ನಿಲ್ಲು ಎಂದ. ಅಸಿಯೆಡು ಇಳಿದು ಅವನ ಹತ್ತಿರ ಹೋಗಿ ಏನೋ ಹೇಳಿದ, ಕಾರಿನತ್ತ ಕೈ ತೋರಿಸಿದ. ಬೈಕುಗಳ ಆರ್ಭಟದಲ್ಲಿ ನನಗೆ ಒಂದಕ್ಷರ ಕೇಳಲಿಲ್ಲ. ಅಸಿಯೆಡು ವಾಪಸು ಬಂದು ಕೂತು ಕಾರನ್ನು ಒಂದು ಮಾರು ಮುಂದಕ್ಕೆ ಬಿಟ್ಟಾಗ ಆ ಮನುಷ್ಯ ಬಂದು ಬಾನೆಟ್ಟಿನ ಮೇಲೆ ಎರಡು ಸಲ ಗುದ್ದಿದ. ಎಡಗೈಯಲ್ಲಿ ಗುದ್ದಿದ. ಉಂಗುರಬೆರಳಿನ ತುದಿ ಇಲ್ಲದ ಎಡಗೈ. ಹನ್ನೊಂದನೇ ವಯಸ್ಸಿನಲ್ಲಿ ನೀನು ಸೈಕಲ್ಲಿನ ಚೈನಿಗೆ ಕೊಟ್ಟ ಬೆರಳು ಅದು. ಅದಕ್ಕೆ ನನ್ನ ಲಂಗದ ಅಂಚು ಹರಿದು ಕಟ್ಟಿದ್ದೆ.

ನಾನು ಕಿಟಕಿ ಇಳಿಸಿ ಕೂಗಿದೆ. "ಒಪಾರೆ!" ಎಂದು ಎದೆ ಬಿರಿಯುವ ಹಾಗೆ ಕೂಗಿದೆ. ನೀನು ಆಗಲೇ ತಿರುಗಿ ನಿಂತಿದ್ದೆ. ಅನೊಬೆಯಾ ಕಣ್ಣು ತೆರೆದು "ಯಾರನ್ನ ಕರೀತಿದ್ದೀರಿ ಅತ್ತಿಗೆ?" ಎಂದಳು. "ಯಾರೂ ಇಲ್ಲ ಕಣೇ" ಎಂದೆ. ಅವಳಿಗೆ ತಿಳಿಯುವ ಹಾಗೆ ನಾನು ಹೇಳಿದ ಕೊನೆಯ ಮಾತು ಅದು, ಅದೂ ಸುಳ್ಳು. ಇಳಿದು ಓಡಿ ಬಂದು ನಿನ್ನ ಕೊರಳಪಟ್ಟಿ ಹಿಡಿಯಬೇಕಾಗಿತ್ತು. ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು, ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಇದೊಂದು ನೆವ ಎಂದು ನನಗೂ ಗೊತ್ತು. ಇಪ್ಪತ್ತೆರಡು ನಿಮಿಷ. ನಿಮ್ಮ ಮುಂದಿನವರು ಮೇಲೆ ಕಣಿವೆ ಕಾಣುವ ಜಾಗದಲ್ಲಿ ಫೋಟೋ ತೆಗೆದುಕೊಳ್ಳಲು ನಿಂತಿದ್ದರಂತೆ, ಅದಕ್ಕೇ ಹಿಂದಿನ ಸಾಲು ತೆವಳುತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಕೂಸು ನನ್ನ ಕೈಗೆ ಬಂತು, ಅನೊಬೆಯಾ ಹೋದಳು. ಇಪ್ಪತ್ನಾಲ್ಕು ವರ್ಷ. ಹೊಲಿಗೆ ಕಲಿತು ಮುಗಿಸಲು ಎರಡೇ ತಿಂಗಳಿತ್ತು. ನರ್ಸು ನನ್ನನ್ನು ನೋಡಿ, "ಇನ್ನೊಂಚೂರು ಮುಂಚೆ ಕರ್ಕೊಂಡ್ಬರ್ಬಾರ್ದಾಗಿತ್ತಾ?" ಎಂದಳು.

ಸಂಜೆ ಲಾರ್ಬಿ ನನ್ನನ್ನು ಕೇಳಿದ್ದು ಒಂದೇ ಮಾತು. "ಅವ್ನ ಮುಖ ನೋಡಿದ್ಯಾ?" ನಾನು "ಹೆಲ್ಮೆಟ್ ಇತ್ತು" ಎಂದೆ. ಅದು ಸುಳ್ಳಲ್ಲ, ಅದು ಸುಳ್ಳಲ್ಲ ಎಂದು ಮೂರು ತಿಂಗಳಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ರೂಢಿಯಂತೆ ಅಲ್ಲಿಯವರೆಗೆ ಶವಾಗಾರದಲ್ಲಿಟ್ಟು ಜನವರಿಯಲ್ಲಿ ಮಾಡಿದ ಅವಳ ಅಂತ್ಯಕ್ರಿಯೆಗೆ ನೀನು ಬಸ್ಸಿನಲ್ಲಿ ಬಂದೆ, ಕಪ್ಪು ಬಟ್ಟೆ ಹೊದ್ದು ಬಂದೆ. ಅಲ್ಲಿಯವರೆಗೆ ನಿನಗೆ ಅವಳು ಹೆರಿಗೆಯಲ್ಲಿ ಹೋದಳು ಎಂದಷ್ಟೇ ಗೊತ್ತಿತ್ತು, ಅಷ್ಟನ್ನೇ ನಾನು ತಿಳಿಸಿದ್ದು. ಶಾಮಿಯಾನದ ಕೆಳಗೆ ನಿನ್ನ ಭಾವ ನಿನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ನಿನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ಕೂಡುದಾರಿ, ಟ್ಯಾಕ್ಸಿ, ಕಿತ್ತಳೆ ಜಾಕೆಟ್ಟು. "ಆವತ್ತು ನೀನು ಬಂದಿರ್ಲಿಲ್ವಲ್ಲ ಒಪಾರೆ. ನೀನಿದ್ದಿದ್ರೆ ಹೀಗಾಗೋಕೆ ಬಿಡ್ತಿದ್ಯಾ? ಆ ಗುಂಪಿನಲ್ಲಿ ವಿಚಾರಿಸಿ ನೋಡಪ್ಪಾ, ಯಾರವ್ನು ಅಂತ. ಹೆಸ್ರು ಒಂದು ಹೇಳು, ಸಾಕು." ನಾನು ನೀರಿನ ಲೋಟಗಳ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದೆ. ನಿನ್ನ ಕಿವಿಯ ಹಿಂಭಾಗ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ನೋಡಿದೆ. "ವಿಚಾರಿಸ್ತೀನಿ ಭಾವ" ಎಂದೆ ನೀನು. ಅಸಿಯೆಡು ತಾನೇ ಬಂದು ನಿನಗೆ ಹೆಂಡ ಬಗ್ಗಿಸಿ ಕೊಟ್ಟ. ನೀನು ಮುಟ್ಟಲಿಲ್ಲ. ಹೊತ್ತು ಇಳಿಯುವ ಮುಂಚೆಯೇ ಹೇಳದೆ ಹೊರಟುಹೋದೆ. ಅವತ್ತಿನಿಂದ ನಿನ್ನ ಫೋನು ಬರೀ ಬಡಿದುಕೊಳ್ಳುತ್ತದೆ.

ಆಮೇಲೆ ಇಲ್ಲಿ ನಡೆದದ್ದು ನಿನಗೆ ಗೊತ್ತಿದೆಯೋ ಇಲ್ಲವೋ. ಅಂತ್ಯಕ್ರಿಯೆಯ ಮುಂದಿನ ಭಾನುವಾರ ನಿಮ್ಮವರು ಬಂದಾಗ ಲಾರ್ಬಿ ಒಬ್ಬನೇ ಕೂಡುದಾರಿಗೆ ಹೋಗಿ ರಸ್ತೆಗೆ ಬೆನ್ನು ಮಾಡಿ ನಿಂತ. ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಅದರ ಮುಂದಿನ ವಾರ ಹತ್ತು ಮಂದಿ. ಅದರ ಮುಂದಿನ ವಾರ ಚರ್ಚಿನಿಂದ ಹೊರಟವರೆಲ್ಲ, ಹೆಂಗಸರು, ಮುದುಕರು, ಹಾಡುವ ಹುಡುಗಿಯರು, ಭಾನುವಾರದ ಒಳ್ಳೆಯ ಬಟ್ಟೆಯಲ್ಲೇ ರಸ್ತೆಯ ಎರಡೂ ಬದಿಗೆ ಬೆನ್ನು ತಿರುಗಿಸಿ ನಿಂತರು. ಕೈ ಬೀಸುತ್ತಿದ್ದ ಮಕ್ಕಳೂ ನಿಂತವು. ಆ ಡಾಕ್ಟರಮ್ಮ ಕೆಂಪು ಬೈಕು ನಿಲ್ಲಿಸಿ ಇಳಿದು, "ಏನಾಯ್ತು? ನಮ್ಮಿಂದೇನಾದ್ರೂ ತಪ್ಪಾಯ್ತಾ? ಯಾರಾದ್ರೂ ಹೇಳಿ" ಎಂದು ಒಬ್ಬೊಬ್ಬರ ಬೆನ್ನಿಗೂ ಕೇಳಿಕೊಂಡು ಬಂದರು. ಯಾರೂ ತಿರುಗಲಿಲ್ಲ. ನನ್ನ ಬೆನ್ನಿನ ಹಿಂದೆಯೂ ಸ್ವಲ್ಪ ಹೊತ್ತು ನಿಂತರು. ನನ್ನ ಬಾಳೆಕಾಯಿ ಒಲೆಯ ಮೇಲೆ ಸೀದುಹೋಗುತ್ತಿತ್ತು. ಅವರು ಹೋದರು. ಆ ಸಾಲಿನಲ್ಲಿ ನೀನಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮೂರು ವಾರದ ಹಿಂದೆ ನಮ್ಮ ಬಚ್ಚಲಿನ ಹಿಂದೆ ಒಂದು ಪೀಪಾಯಿ ಬಂತು. ಲಾರಿ ರಿಪೇರಿಯವರ ಹತ್ತಿರ ಸಿಗುವ ಕಪ್ಪು ಹಳೇ ಎಣ್ಣೆ. ಲಾರ್ಬಿಯನ್ನು ಕೇಳಿದರೆ "ಬೇಲಿ ಕಂಬಕ್ಕೆ, ಗೆದ್ದಲು ಹತ್ತದೇ ಇರ್ಲಿ ಅಂತ" ಎಂದ. ನಮಗೆ ಬೇಲಿ ಎಲ್ಲಿದೆ? ಹೋದ ಭಾನುವಾರ ಅವನೂ ಕ್ವಾಡಾಡೆಯ ಇಬ್ಬರು ಮಕ್ಕಳೂ ಕೆಳಗಿನ ಕಡಿದಾದ ತಿರುವಿನಲ್ಲಿ ನಡೆದಾಡುತ್ತಿದ್ದುದನ್ನು ಸೌದೆಗೆ ಹೋದವಳು ಕಂಡೆ. ಹೆಜ್ಜೆ ಅಳೆಯುತ್ತಿದ್ದರು, ಕಂದಕದ ಅಂಚಿನಲ್ಲಿ ನಿಂತು ಬಗ್ಗಿ ನೋಡುತ್ತಿದ್ದರು. ಮನೆಗೆ ಬಂದು ಊಟಕ್ಕೆ ಕೂತಾಗ ಅವನು, ಮಳೆ ಯಾವಾಗ ಬರುತ್ತದೆ ಎಂದು ಕೇಳುವ ದನಿಯಲ್ಲಿ, "ಮುನ್ನೂರು ಗಾಡಿ ಒಂದರ ಹಿಂದೆ ಒಂದು ಬರ್ತಿರುವಾಗ ಮುಂದಿನವ್ನು ಜಾರಿದ್ರೆ ಹಿಂದಿನವ್ರಿಗೆ ನಿಲ್ಸೋಕಾಗುತ್ತಾ?" ಎಂದು ಕೇಳಿದ. ನಿನ್ನ ಭಾವ ಎಂಥವನು ಎಂದು ನಿನಗೆ ಗೊತ್ತು. ಹೊಲದಲ್ಲಿ ಹಾವು ಕಂಡರೆ ದಾರಿ ಬಿಟ್ಟು ನಿಲ್ಲುವ ಮನುಷ್ಯ. ಈಗಲೂ ದಿನಾ ಸಂಜೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಾಡು ಹೇಳುತ್ತಾನೆ. ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತದೆ. ಪಾದ್ರಿಯ ಹೆಂಡತಿ ಇವತ್ತು ಯಾರ ಮುಖವನ್ನೂ ನೋಡದೆ, "ಬುಧವಾರ ಮಕ್ಕಳನ್ನ ರಸ್ತೆ ಕಡೆ ಬಿಡ್ಬೇಡಿ" ಎಂದಳು. ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ.

ಠಾಣೆಗೆ ಹೋಗೋಣವೆಂದರೆ ಡಿಸೆಂಬರಿನಲ್ಲಿ ಲಾರ್ಬಿ ದೂರು ಕೊಡಲು ಹೋದಾಗ ಬೈಕಿನ ನಂಬರು ಇಲ್ಲದೆ ಏನೂ ಮಾಡಲಾಗದು ಎಂದು ಕಳಿಸಿದರು. ಈಗ ಹೋದರೆ ಅವನನ್ನೇ ಕರೆದುಕೊಂಡು ಹೋಗುತ್ತಾರೆ. ಆ ಎಣ್ಣೆ ಸುರಿಯಲು ಇನ್ನೂ ಹತ್ತು ಕೈ ಇವೆ. ಮೂರು ತಿಂಗಳು ಯೋಚಿಸಿ ನನಗೆ ಅರ್ಥವಾದದ್ದು ಇಷ್ಟೇ. ಇವರಿಗೆ ಬೇಕಾಗಿದ್ದವನು ಒಬ್ಬ. ಆ ಒಬ್ಬ ಯಾರೆಂದು ಗೊತ್ತಾಗದ್ದರಿಂದ ಮುನ್ನೂರು ಮಂದಿಯೂ ಅವನೇ ಆಗಿಬಿಟ್ಟರು. ಅವನನ್ನು ನನ್ನ ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡವಳು ನಾನು. ಬುಧವಾರ ಆ ಡಾಕ್ಟರಮ್ಮ ಕಂದಕಕ್ಕೆ ಬಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ.

ಅದಕ್ಕೆ, ಒಪಾರೆ, ಈ ಸವಾರಿಯನ್ನು ನಿಲ್ಲಿಸು. ನಿಮ್ಮ ದೊಡ್ಡವರಿಗೆ ಏನು ಹೇಳುತ್ತೀಯೋ ಹೇಳು, ಬೇರೆ ದಾರಿ ಹಿಡಿಯಲಿ, ಸಮುದ್ರದ ಕಡೆ ಹೋಗಲಿ. ಮತ್ತೆ ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡು. ಅಸಿಯೆಡು ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾನೆ, "ಹೆರಿಗೆ ನೋವು ಅಂದೆ, ರಕ್ತ ಹೋಗ್ತಿದೆ ಅಂದೆ. ಅವ್ನು ತಲೆ ಆಡಿಸ್ದ" ಎಂದು. ನೀನು ತಲೆ ಆಡಿಸಿದ್ದು ಕೇಳಿಸಿದ್ದಕ್ಕೋ, ಕೇಳಿಸದೇ ಇದ್ದದ್ದಕ್ಕೋ? ಕೇಳಿಸಿರಲಿಲ್ಲ ಎಂದು ನಾನೇ ನಿನ್ನ ಪರವಾಗಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿನ್ನ ಬಾಯಿಂದ ಕೇಳಬೇಕು. ಏನೇ ಹೇಳಿದರೂ ನಾನು ನಿನ್ನ ಅಕ್ಕ ಆಗಿಯೇ ಇರುತ್ತೇನೆ, ಆದರೆ ಸುಳ್ಳು ಹೇಳಬೇಡ.

ಅತ್ತೆಯ ಆಶೀರ್ವಾದ ನಿನಗಿದೆ, ಅವರಿಗೆ ಏನೂ ಗೊತ್ತಿಲ್ಲ. ಕೂಸಿನ ಕೈ ಹಿಡಿದು ಇಲ್ಲಿ ಕೆಳಗೆ ಒಂದು ಗೀಟು ಎಳೆಸಿದ್ದೇನೆ, ಅದು ಅವಳ ರುಜು. ದೇವರು ನಿನ್ನ ತಲೆ ಕಾಯಲಿ. ಬೆಟ್ಟದ ದಾರಿಗಳೆಲ್ಲ ನಿನ್ನನ್ನು ಸುರಕ್ಷಿತವಾಗಿ ಹತ್ತಿಸಿ ಇಳಿಸಲಿ.

ನಿನ್ನ ಅಕ್ಕ,
ಅಸಬೆಯಾ

ಮರೆತ ಮಾತು: ಇದು ಭಾನುವಾರ ಸಂಜೆ, ಬೇಗ ಬರೆಯುತ್ತಿದ್ದೇನೆ. ಮೇಲಿನದನ್ನು ಬರೆದು ಮಡಿಸಿಟ್ಟಿದ್ದೆ. ಚರ್ಚಿನಿಂದ ಬಂದು ಲಾರ್ಬಿ ಫುಫುಗೆ ಬೆಂದ ಮರಗೆಣಸು ಕುಟ್ಟುತ್ತಿದ್ದ, ನಾನು ತಿರುವಿ ಹಾಕುತ್ತಿದ್ದೆ. ಅಲ್ಲೇ ಹೇಳಿಬಿಟ್ಟೆ. ನಿನ್ನ ಹೆಸರು ಹೇಳಿದೆ. ಅವನು ಒನಕೆ ನಿಲ್ಲಿಸಲಿಲ್ಲ, ಪೂರ್ತಿ ಕುಟ್ಟಿ ಮುಗಿಸಿದ. ಆಮೇಲೆ "ಯಾವಾಗ್ಲಿಂದ ಗೊತ್ತು?" ಎಂದ. "ಮೊದ್ಲಿಂದ" ಎಂದೆ. ಕೂಸನ್ನು ನನ್ನ ಬೆನ್ನಿನಿಂದ ಬಿಚ್ಚಿಕೊಂಡು ಅತ್ತೆಯ ಮನೆಗೆ ಹೋದ. ಅದು ಅಲ್ಲಿ ಅಳುತ್ತಿರುವುದು ಇಲ್ಲಿಗೆ ಕೇಳುತ್ತಿದೆ, ನನ್ನನ್ನು ಒಳಗೆ ಬಿಡುತ್ತಿಲ್ಲ. ತಿರುಗಿ ಬಂದು ಅವನು ಹೇಳಿದ್ದು ಇಷ್ಟು: "ಅವ್ನು ಬರ್ಲಿ. ಹಿರಿಯರ ಮುಂದೆ ತನ್ನ ಬಾಯಿಂದ್ಲೇ ಹೇಳ್ಲಿ. ಮಂಗಳವಾರ ಹೊತ್ತು ಮುಳುಗೋದ್ರೊಳ್ಗೆ ಬಂದ್ರೆ ರಸ್ತೆಗೆ ಯಾರೂ ಏನೂ ಮಾಡಲ್ಲ." ನಿನಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಒನಕೆ ತೊಳೆದು ಗೋಡೆಗೆ ಒರಗಿಸಿ ಹೊರಗೆ ಹೋದ.

ಈ ಕಾಗದವನ್ನು ನಾಳೆ ನಿನ್ನ ಕೈಗೆ ಕೊಡುವವನು ಅಸಿಯೆಡು. ಲಾರ್ಬಿಯೇ ಅವನನ್ನು ಗೊತ್ತು ಮಾಡಿದ್ದು. ಅವನಿಗೆ ಎಲ್ಲ ಹೇಳಿಯಾಗಿದೆ. ನೀನು ಇದನ್ನು ಓದುತ್ತಿರುವಾಗ ಅವನು ನಿನ್ನ ಎದುರಿಗೇ ನಿಂತಿರುತ್ತಾನೆ. ಕುಡಿಯಲು ನೀರು ಕೊಡು. ಅವನು ಮಾತಾಡದಿದ್ದರೆ ನೀನೇ ಮೊದಲು ಮಾತಾಡು. ಓಡಿಹೋಗಬೇಡ ತಮ್ಮಾ, ಅವನ ಜೊತೆಗೇ ಹೊರಟು ಬಾ. ಮುಂದೆ ಅವನ ಪಕ್ಕದಲ್ಲೇ ಕೂರಬೇಕಾಗುತ್ತದೆ. ಹಿಂದಿನ ಸೀಟನ್ನು ಅವನು ಡಿಸೆಂಬರಿನಲ್ಲೇ ಕಿತ್ತು ಹಾಕಿದ್ದಾನೆ.